ನಕ್ಷೆ ತೆಗೆದವನಿಗೆ ಪಗಾರ ಎಷ್ಟು?



ವಿಜಯಪುರದ ಸ್ಮಾರಕಗಳ ಮೇಲೆ ಒಂದು ಕಾರ್ಯಕ್ರಮದ ಚಿತ್ರೀಕರಣ ಮುಗಿಸಿ ನಮ್ಮ ತಂಡ ತಿಕೋಟಾದಲ್ಲಿ ಚಹಾ ಕುಡಿಯುತ್ತಿತ್ತು. ಕಾಲೇಜು ಹುಡುಗನೊಬ್ಬ ಬಂದು ಕೇಳಿದ: "ಸರ್, ಡಿಸೈನ್ ಮಾಡೋದು ಕಲತ್ರ ನೌಕರಿ ಸಿಗ್ತೈತೇನ್ರಿ? ಪಗಾರ ಎಷ್ಟ ಬರ್ತೈತ್ರಿ?" ನಾನು ಓದಿದ್ದು ಭೌತಶಾಸ್ತ್ರ. ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಆದರೆ ಬೆಳಿಗ್ಗೆಯಿಂದ ನಾವು ಚಿತ್ರೀಕರಿಸಿದ ಕಲ್ಲುಗಳಲ್ಲಿಯೇ ಆ ಪ್ರಶ್ನೆ ಇತ್ತಲ್ಲ ಎಂದು ಆಮೇಲೆ ತಿಳಿಯಿತು.

ಇಬ್ರಾಹಿಂ ರೋಜಾವನ್ನು ನೀವು ನೋಡಿರಬಹುದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಯ ಗೋರಿ ಅದು. ಅದನ್ನು ಕಟ್ಟಿಸಿದವನು ಮಲಿಕ್ ಸಂದಲ್ ಎಂದು ಬಾಗಿಲ ಮೇಲಿನ ಶಾಸನ ಹೇಳುತ್ತದೆ. ಒಟ್ಟು ಖರ್ಚನ್ನೂ ಅಲ್ಲಿಯೇ ಕೆತ್ತಿದ್ದಾರೆ: 1,50,900 ಹೂನ್. ಈ ಹೂನ್ ಬೇರೇನಲ್ಲ, ನಮ್ಮ ಹೊನ್ನೇ. ಒಂದು ಹೂನ್ ಸುಮಾರು 3.4 ಗ್ರಾಂ ತೂಗುತ್ತಿತ್ತು. ಗುಣಿಸಿ ನೋಡಿರಿ. 513 ಕಿಲೋಗ್ರಾಮಿನಷ್ಟು ಚಿನ್ನದ ನಾಣ್ಯವಾಗುತ್ತದೆ! ಇಷ್ಟು ಲೆಕ್ಕ ಬರೆದಿಟ್ಟವರು ಒಂದು ಸಂಗತಿಯನ್ನು ಮಾತ್ರ ಬರೆಯಲಿಲ್ಲ. ಆ ಮೊತ್ತದಲ್ಲಿ ಕಟ್ಟಡದ ರೂಪವನ್ನು ಯೋಚಿಸಿದವನ ಪಾಲು ಎಷ್ಟು? ಕಲ್ಲಿನ ಬೆಲೆ, ಕೂಲಿ, ಸುಣ್ಣ, ಯೋಚನೆ ಎಲ್ಲವೂ ಒಂದೇ ಮೊತ್ತದಲ್ಲಿ ಸೇರಿಹೋಗಿವೆ.

ಮಲಿಕ್ ಸಂದಲ್ ಎಂಬ ಹೆಸರನ್ನೇ ಗಮನಿಸಿರಿ. ಸಂದಲ್ ಎಂದರೆ ಶ್ರೀಗಂಧ. ಇಂಥದೇ ಇನ್ನೊಂದು ಹೆಸರು ಜಾಮಿ ಮಸೀದಿಯಲ್ಲಿದೆ. ಅಲ್ಲಿಯ ಮಿಹ್ರಾಬಿನ ಬಂಗಾರದ ಬಣ್ಣದ ಅಲಂಕಾರ 1636ರದು. ಮಾಡಿಸಿದವನು ಮಲಿಕ್ ಯಾಕೂತ್. ಯಾಕೂತ್ ಎಂದರೆ ಮಾಣಿಕ್ಯ. ಅಲ್ಲಿನ ಬರಹ ಅವನನ್ನು ಸುಲ್ತಾನ್ ಮುಹಮ್ಮದನ ಗುಲಾಮನೆಂದು ಕರೆಯುತ್ತದೆ. ಸುಗಂಧ ದ್ರವ್ಯ, ರತ್ನ, ಹೂವು ಇವುಗಳ ಹೆಸರನ್ನು ಆ ಕಾಲದಲ್ಲಿ ಸಾಮಾನ್ಯವಾಗಿ ಗುಲಾಮರಿಗೆ ಇಡುತ್ತಿದ್ದರು. ಅಹಮದ್‌ನಗರದ ಮಲಿಕ್ ಅಂಬರ್ ನಿಮಗೆ ಗೊತ್ತಿದ್ದಾನೆ. ಅವನು ಆಫ್ರಿಕಾದಿಂದ ಮಾರಾಟವಾಗಿ ಬಂದವನು. ಒಡೆತನಕ್ಕೆ ಒಳಗಾದ ಮನುಷ್ಯ ಅಧಿಕಾರಿಯಾಗಬಹುದಿತ್ತು, ಸೈನ್ಯ ನಡೆಸಬಹುದಿತ್ತು, ಕಟ್ಟಡಗಳನ್ನೂ ಕಟ್ಟಿಸಬಹುದಿತ್ತು. ಅವನ ಸಂಬಂಧ ನಮ್ಮ ಅರ್ಥದ ನೌಕರಿಯಲ್ಲ. ಆದ್ದರಿಂದ "ಸಂಬಳ ಎಷ್ಟು" ಎಂದು ಅವನ ವಿಷಯದಲ್ಲಿ ಕೇಳಿದರೆ ಪ್ರಶ್ನೆಯೇ ಸರಿಹೊಂದುವುದಿಲ್ಲ.

ಬೇರೆ ಬಗೆಯ ಕುಶಲಿಗಳೂ ಆಗಿನ ಆಸ್ಥಾನಗಳಲ್ಲಿದ್ದರು. ಇರಾನಿನಿಂದ ಬಂದ ಲಿಪಿಕಾರ ಖಲೀಲುಲ್ಲಾ, ಇಬ್ರಾಹಿಮನ 'ಕಿತಾಬ್-ಎ-ನವರಸ್' ಗ್ರಂಥವನ್ನು ಸುಂದರವಾಗಿ ಬರೆದು ಒಪ್ಪಿಸಿ 'ಲೇಖನಿಯ ಬಾದಶಹ' ಎಂಬ ಬಿರುದು ಪಡೆದನು. ಮಲಿಕ್-ಎ-ಮೈದಾನ್ ತೋಪಿನ ಬಾಯಿ ಸಿಂಹದ ಬಾಯಿಯಂತಿರುವುದನ್ನು ನೋಡಿದ್ದೀರಲ್ಲವೆ? 1549ರಲ್ಲಿ ಅದನ್ನು ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. 'ರೂಮಿ' ಎಂದರೆ ತುರ್ಕರ ನಾಡಿನವನು. ಹೊರಗಿನಿಂದ ಬಂದವರಿಗೆ ಹೆಸರು ಉಳಿಯಿತು, ಕಲ್ಲು ಕಡಿದ ಊರಿನವರಿಗೆ ಉಳಿಯಲಿಲ್ಲ ಎಂದು ನಾನು ಒಮ್ಮೆ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ. ಅದು ಅವಸರದ ಮಾತಾಗಿತ್ತು. ಅರಕಿಲ್ಲೆಯಲ್ಲಿ ಹಳೆಯ ದೇಗುಲದ ಕಂಬಗಳಿಂದ ಎದ್ದ ಕರೀಮುದ್ದೀನನ ಮಸೀದಿ ಇದೆಯಲ್ಲ, ಅದರ 1320ರ ಶಾಸನ ಕಟ್ಟಿದವನನ್ನು ಹೆಸರಿಸುತ್ತದೆ: ರೇವೋಯ ಎಂಬ ಬಡಗಿ. ಅವನ ಊರು ಇಂಡಿ ಬಳಿಯ ಸಾಲೋಟಗಿ ಎಂದು ಗುರುತಿಸಿದ್ದಾರೆ. (ಕ್ರಿ.ಶ. 945ರ ಶಾಸನದಲ್ಲಿ ವಿದ್ಯಾಕೇಂದ್ರದ ಉಲ್ಲೇಖವಿರುವ ಸಾಲೋಟಗಿಯೇ ಅದು.) ಗೋಲಗುಮ್ಮಟದ ಕಥೆಯಾದರೆ ತದ್ವಿರುದ್ಧ. ಸುಮಾರು 38 ಮೀಟರು ಒಳವ್ಯಾಸದ ಆ ಗುಮ್ಮಟವನ್ನು ಒಂದಕ್ಕೊಂದು ಹೆಣೆದ ಕಮಾನುಗಳ ಮೇಲೆ ನಿಲ್ಲಿಸಿದ ಬುದ್ಧಿ ಯಾರದು? ಯಾಕೂತನ ಹೆಸರು ಬಾಯಿಂದ ಬಾಯಿಗೆ ಬಂದಿದೆ, ಆದರೆ ಗಟ್ಟಿ ಆಧಾರವಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಪಟ್ಟದಕಲ್ಲು 1997ರವರೆಗೆ ವಿಜಾಪುರ ಜಿಲ್ಲೆಯಲ್ಲಿಯೇ ಇತ್ತು. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ, ಇಂದು ವಿರೂಪಾಕ್ಷವೆನ್ನುವ ಗುಡಿಯಲ್ಲಿ ಸೂತ್ರಧಾರಿಗಳ ಹೆಸರಿವೆ. ಅನಿವಾರಿತಾಚಾರಿ ಗುಂಡನಿಗೆ ದೊರೆತದ್ದು ಪೆರ್ಜೆರೆಪು ಎಂಬ ಪಟ್ಟ ಮತ್ತು 'ತ್ರಿಭುವನಾಚಾರಿ' ಎಂಬ ಬಿರುದು. ಇನ್ನೊಬ್ಬ ಸರ್ವಸಿದ್ಧಿ ಆಚಾರಿ. ಅವನ ಪ್ರಾವೀಣ್ಯದ ಪಟ್ಟಿ ನನಗೆ ಬಹಳ ಇಷ್ಟ: ಮನೆ, ಅರಮನೆ, ವಾಹನ, ಆಸನ, ಮಂಚ, ಕಿರೀಟ, ರತ್ನಾಭರಣ. ಇಂದು ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಡಿಸೈನ್ ಪದವಿಗಳಿವೆ! ಬಿರುದಿನ ಜೊತೆಗೆ ಎಷ್ಟು ಹೊನ್ನು ಬಂತೆಂದು ಮಾತ್ರ ಅಲ್ಲಿಯೂ ಇಲ್ಲ.

ಇಲ್ಲಿಯವರೆಗೆ ಬಂದ ಹೆಸರುಗಳಲ್ಲಿ ಹೆಣ್ಣು ಒಬ್ಬಳೇ, ಅವಳೂ ರಾಣಿ. ಹೆಂಗಸರು ವಿನ್ಯಾಸ ಮಾಡಲೇ ಇಲ್ಲವೆ? ಅಜ್ಜಿಯ ಪೆಟ್ಟಿಗೆಯಲ್ಲಿ ಇಳಕಲ್ಲ ಸೀರೆ ಇದ್ದರೆ ಬಿಡಿಸಿ ನೋಡಿರಿ. ಅದರ ಮೇಲಿನ ಕಸೂತಿಯ ಗೋಪುರ, ತೇರು, ಆನೆ, ತುಳಸಿ ಕಟ್ಟೆಗಳನ್ನು ಬಟ್ಟೆಯ ಮೇಲೆ ಮೊದಲು ಗೆರೆ ಎಳೆಯದೆ, ನೂಲೆಳೆಗಳನ್ನು ಎಣಿಸಿ ಹಾಕುತ್ತಾರೆ. ಇದು ಶುದ್ಧ ಗಣಿತ. ವಿಜಯಪುರದ ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಕನ್ನಡಿ ಕೆಲಸವೂ ಹಾಗೆಯೇ. ಮನೆಗೆಂದು ಹಾಕಿದ ಈ ಹೊಲಿಗೆಗೆ ಪಗಾರವೂ ಇರಲಿಲ್ಲ, ಬಿರುದೂ ಇರಲಿಲ್ಲ.

ಈ ಕೆಲಸಕ್ಕೆ ಸಂಬಳ ಮತ್ತು ಶಾಲೆ ಎರಡೂ ಬಂದದ್ದು ತೀರ ಇತ್ತೀಚೆಗೆ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತ್ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಚಿತ್ರಕಾರರಾಗಿ ಹೆಸರು ಮಾಡಿದ್ದು ಮುಂಬಯಿಯಲ್ಲಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಆರಂಭವಾಯಿತು. 1972ರ ಕಾಯಿದೆಯಿಂದಾಗಿ ನೋಂದಣಿ ಇಲ್ಲದವರು ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಪೋಸ್ಟರು ಬರೆಯುವವನಿಗೆ, ಡಬ್ಬಿಯ ಮೇಲಿನ ಚಿತ್ರ ತೆಗೆಯುವವಳಿಗೆ ಅಂಥ ರಕ್ಷಣೆ ಇಲ್ಲ.

ನಾನು ಹೊಸಬನಾಗಿ ಸೇರಿದ ಕಚೇರಿಯೊಂದರಲ್ಲಿ ರಂಗಸಜ್ಜಿಕೆಯ ಅಂದಾಜು ಪಟ್ಟಿ ಬರೆಯಬೇಕಿತ್ತು. ಪ್ಲೈವುಡ್, ಬಟ್ಟೆ, ಬಣ್ಣ, ಮೊಳೆ, ಕೂಲಿ ಎಲ್ಲದಕ್ಕೂ ಕಾಲಂ ಇತ್ತು. ನಕ್ಷೆ ಹಾಕಿದವನಿಗೆ ಇರಲಿಲ್ಲ. ಅವನ ಹಣವನ್ನು 'ಇತರೆ' ಎಂಬಲ್ಲಿ ಸೇರಿಸಿದೆ. ಲೆಕ್ಕಪತ್ರದವರು ಅದನ್ನು ಹೊಡೆದು ಹಾಕಿದರು. ಜಗಳವಾಡುವ ಧೈರ್ಯ ಆಗ ನನಗಿರಲಿಲ್ಲ. ಇಂದಿಗೂ ಎಷ್ಟೋ ಫ್ಲೆಕ್ಸ್ ಅಂಗಡಿಗಳಲ್ಲಿ ದರ ಹೇಳುವುದು ಚದರ ಅಡಿಗೆ; ಕಂಪ್ಯೂಟರ್ ಮುಂದೆ ಕುಳಿತ ಹುಡುಗನ ಕೆಲಸ 'ಫ್ರೀ'. ಇಬ್ರಾಹಿಂ ರೋಜಾದ ಲೆಕ್ಕವೂ ಹೀಗೆಯೇ ಇತ್ತಲ್ಲವೆ?

ತಿಕೋಟಾದ ಆ ಹುಡುಗನ ಜೊತೆ ಬಬಲೇಶ್ವರದ ಕಡೆಯ ಒಬ್ಬ ವಿದ್ಯಾರ್ಥಿನಿಯೂ ಇದ್ದಳು. ನೆರೆಮನೆಯವರು ಒಣದ್ರಾಕ್ಷಿ ಮಾರುತ್ತಾರಂತೆ. ಅವರ ರಟ್ಟಿನ ಡಬ್ಬಿಗೆ ಇವಳೇ ಚಿತ್ರ ಮಾಡಿಕೊಟ್ಟಿದ್ದಳು. ಏನು ಕೊಟ್ಟರು ಎಂದು ಕೇಳಿದೆ. "ಎರಡು ಕಿಲೋ ಮಣೂಕ ಕೊಟ್ಟರ್ರೀ ಸರ್" ಎಂದು ನಕ್ಕಳು. ಡಬ್ಬಿಯ ಮೇಲೆ ಹೆಸರು ಹಾಕಿದ್ದಾರೆಯೆ ಎಂದರೆ, ಹಾಕಿದ್ದಾರೆ ಎಂದಳು, ಪ್ರಿಂಟಿಂಗ್ ಪ್ರೆಸ್ಸಿನದು.