ಸಭಿ ಹೆಂಗ ಕೂಡಿತ್ತು?

‘ಆರಾಧನೆ ಮುಗಿದ ಮೇಲೆ ಸಭೆಯ ಸಭೆ ಇದೆ. ಸಭೆಯವರೆಲ್ಲ ತಪ್ಪದೆ ಇರಬೇಕು.’

ಗದಗ ಸೀಮೆಯಲ್ಲಿ ನಾನು ಬೆಳೆದ ದೇವಾಲಯದಲ್ಲಿ ವರ್ಷಕ್ಕೊಮ್ಮೆ ಈ ಪ್ರಕಟಣೆ ಕೇಳಿಬರುತ್ತಿತ್ತು. ಬೆಂಚಿನ ತುದಿಯಲ್ಲಿ ಕುಳಿತ ನಾವು ಹುಡುಗರು ಒಂದೇ ಉಸಿರಿನಲ್ಲಿ ಬಂದ ಮೂರು ‘ಸಭೆ’ಗಳನ್ನು ಬೆರಳು ಮಡಿಚಿ ಎಣಿಸುತ್ತಿದ್ದೆವು. ದೊಡ್ಡವರಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಒಂದು ಸಭೆ ಎಂದರೆ ಅವರೇ, ಅಲ್ಲಿ ಕುಳಿತಿದ್ದ ಜನ. ಇನ್ನೊಂದು ಲೆಕ್ಕಪತ್ರ ಒಪ್ಪಿಸಿ, ಹೊಸ ಹಿರಿಯರನ್ನು ಆರಿಸುವ ಕೂಟ.

ಕನ್ನಡದ ಕ್ರೈಸ್ತರ ಮನೆಮಾತಿನಲ್ಲಿ ಈ ಪದ ಉಪ್ಪಿನಂತೆ ಬೆರೆತಿದೆ. ನಮ್ಮ ಕಡೆ ಪಾದ್ರಿಗಳು ಸಭಾಪಾಲಕರು. ಹೊಸ ನೆಂಟಸ್ತಿಕೆ ಬೆಳೆಸುವಾಗ ಕೇಳುವ ಮೊದಲ ಪ್ರಶ್ನೆಯೇ ‘ನಿಮ್ಮದು ಯಾವ ಸಭೆ?’ ಕ್ಯಾಥೊಲಿಕರು ಧರ್ಮಸಭೆ ಎನ್ನುತ್ತಾರೆ, ಕರಾವಳಿಯ ಕೊಂಕಣಿಗರು ಪವಿತ್ರ್ ಸಭಾ ಎನ್ನುತ್ತಾರೆ. ಕಟ್ಟಡಕ್ಕೆ ಬೇರೆಯೇ ಪದಗಳಿವೆ: ದೇವಾಲಯ, ಚರ್ಚು, ಇಗರ್ಜಿ. ಜನಕ್ಕೊಂದು ಹೆಸರು, ಗೋಡೆಗೊಂದು ಹೆಸರು. ಆದರೆ ಕ್ರೈಸ್ತ ಬೋಧನೆಯ ಹಳೆಯ ಮಾತೊಂದು ಈ ಎರಡನ್ನೂ ತಂದು ಒಂದೇ ಕಡೆ ಕೂಡಿಸುತ್ತದೆ. ಸಭೆಯೇ ದೇವಾಲಯ, ಜನವೇ ಗುಡಿ ಎನ್ನುತ್ತದೆ. ಬಾಲ್ಯದಿಂದ ಕೇಳಿದ ಮಾತು. ಅದರ ಭಾರ ತಿಳಿದದ್ದು ತಡವಾಗಿ, ‘ಸಭೆ’ ಎಂಬ ಪದದ ಬೆನ್ನು ಹತ್ತಿದ ಮೇಲೆ.

ನಮ್ಮ ನೆಲದಲ್ಲಿ ಸಭೆಗೆ ಮೊದಲಿನಿಂದಲೂ ಎರಡು ಅರ್ಥ. ಕೂಡಿದ ಜನವೂ ಸಭೆ, ಅವರು ಕೂಡುವ ಮನೆಯೂ ಸಭೆ. ಮಹಾಭಾರತದಲ್ಲಿ ಮಯ ಧರ್ಮರಾಯನಿಗೆ ಕಟ್ಟಿಕೊಟ್ಟದ್ದು ಸಭೆ. ದುರ್ಯೋಧನ ನೆಲವನ್ನು ನೀರೆಂದು, ನೀರನ್ನು ನೆಲವೆಂದು ಭ್ರಮಿಸಿದ್ದು ಅದೇ ಕಟ್ಟಡದಲ್ಲಿ. ಮುಂದೆ ಹಸ್ತಿನಾವತಿಯಲ್ಲಿ ದ್ರೌಪದಿ ಪ್ರಶ್ನೆ ಕೇಳಿದಾಗ ತಲೆತಗ್ಗಿಸಿ ಕುಳಿತದ್ದೂ ಸಭೆಯೇ, ಆದರೆ ಈಗ ಅದು ಜನ. ಕಂಬಗಳು ನೆಟ್ಟಗೆ ನಿಂತಿದ್ದವು, ಮನುಷ್ಯರು ಕುಸಿದಿದ್ದರು. ಸಭೆಯಲ್ಲಿ ಕೂರಲು ತಕ್ಕವನಿಗೆ ಸಭ್ಯ ಎನ್ನುತ್ತೇವೆ. ಸಭೆಗೆ ಯೋಗ್ಯತೆ ಬರುವುದು ಅಲ್ಲಿ ಕೂತವರಿಂದ ಎಂಬ ತಿಳಿವಳಿಕೆ ಆ ಮಾತಿನಲ್ಲೇ ಅಡಗಿದೆ.

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು 19ನೇ ಶತಮಾನದ ಮೊದಲ ದಶಕಗಳಲ್ಲಿ ಸತ್ಯವೇದವನ್ನು ಕನ್ನಡಕ್ಕೆ ತಂದರು. ಅಲ್ಲಿಂದ ಬೆಳೆದುಬಂದ ಕನ್ನಡ ಸತ್ಯವೇದದಲ್ಲಿ ಗ್ರೀಕಿನ ‘ಎಕ್ಲೇಸಿಯ’ಕ್ಕೆ ನೆಲೆನಿಂತ ಪದ ಸಭೆ. ಎಷ್ಟು ಒಪ್ಪುವ ಪದ! ಎಕ್ಲೇಸಿಯ ಮೂಲತಃ ದೇವರ ಮನೆಯ ಮಾತೇ ಅಲ್ಲ, ಊರ ಮಾತು. ಅಥೆನ್ಸಿನ ನಾಗರಿಕರು ನಿಕ್ಸ್ ಗುಡ್ಡದ ಮೇಲೆ ಬಯಲಲ್ಲಿ ಕೂಡಿ ಯುದ್ಧ, ತೆರಿಗೆ, ಕಾನೂನುಗಳನ್ನು ತೀರ್ಮಾನಿಸುತ್ತಿದ್ದರಲ್ಲ, ಅದು ಎಕ್ಲೇಸಿಯ. ಯೆಹೂದ್ಯರ ಹೀಬ್ರೂ ಗ್ರಂಥಗಳು ಗ್ರೀಕಿಗೆ ಬಂದಾಗ ದೇವರೆದುರು ಕೂಡಿದ ಇಸ್ರಾಯೇಲರ ನೆರವಿಗೂ ಇದೇ ಪದ ಬಳಕೆಯಾಯಿತು. ಅಪೊಸ್ತಲರ ಕೃತ್ಯಗಳ 19ನೇ ಅಧ್ಯಾಯದಲ್ಲಿ ಎಫೆಸದ ಜನ ರಂಗಮಂದಿರಕ್ಕೆ ನುಗ್ಗಿ, ತಮ್ಮ ದೇವಿ ಅರ್ತೆಮಿಯ ಹೆಸರನ್ನು ಎರಡು ಗಂಟೆ ಹೊತ್ತು ಕೂಗುತ್ತಾರೆ. ಆ ಗದ್ದಲದ ಗುಂಪಿಗೂ ಮೂಲದಲ್ಲಿ ಎಕ್ಲೇಸಿಯ ಎಂದೇ ಇದೆ. ಹೊಸ ಒಡಂಬಡಿಕೆಯಲ್ಲಿ ಎಲ್ಲಿಯೂ ಈ ಪದಕ್ಕೆ ಕಟ್ಟಡ ಎಂಬ ಅರ್ಥವಿಲ್ಲ.

ಅರ್ಥ ಗೋಡೆಗೆ ಅಂಟಿಕೊಂಡದ್ದು ಆಮೇಲೆ. ಎಕ್ಲೇಸಿಯ ಲ್ಯಾಟಿನ್ನಿಗೆ ಹೋಗಿ, ಪೋರ್ಚುಗೀಸಿನಲ್ಲಿ ರೂಪ ಬದಲಿಸಿ, ಹಡಗೇರಿ ನಮ್ಮ ಕರಾವಳಿಗೆ ಬಂದು ‘ಇಗರ್ಜಿ’ಯಾಯಿತು. ತೆಂಗಿನ ತೋಟದ ನಡುವಿನ ಬಿಳಿ ಕಟ್ಟಡವನ್ನು ತೋರಿಸಿ ಇಗರ್ಜಿ ಎನ್ನುವಾಗ, ನಮಗೆ ಗೊತ್ತಿಲ್ಲದೆಯೇ ‘ಕೂಡಿದ ಜನ’ ಎನ್ನುತ್ತಿರುತ್ತೇವೆ. ‘ಚರ್ಚ್’ ಬೇರೆ ಬೇರಿನದು. ಒಡೆಯನಿಗೆ ಸೇರಿದ್ದು ಎಂಬರ್ಥದ ಗ್ರೀಕ್ ಮಾತು ಅದರ ಮೂಲ. ವಿಲಿಯಂ ಟಿಂಡೇಲ್ 1526ರಲ್ಲಿ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದಾಗ ‘ಚರ್ಚ್’ ಬಿಟ್ಟು, ಕೂಡಿದ ಜನ ಎನ್ನುವ ‘ಕಾಂಗ್ರಿಗೇಷನ್’ ಬಳಸಿದ. ಥಾಮಸ್ ಮೋರ್ ಇದನ್ನು ಕಟುವಾಗಿ ಖಂಡಿಸಿದ. ಮುಂದೆ 1611ರ ಅನುವಾದಕ್ಕೆ ಕೂತ ಪಂಡಿತರಿಗೆ ಹಳೆಯ ‘ಚರ್ಚ್’ ಪದವನ್ನೇ ಉಳಿಸಿಕೊಳ್ಳಬೇಕೆಂಬ ಕಟ್ಟಪ್ಪಣೆ ಇತ್ತು. ಇಂಗ್ಲಿಷಿನಲ್ಲಿ ಇಷ್ಟೆಲ್ಲ ಕಾದಾಡಿದರೂ ದಕ್ಕದ ಪದ ಕನ್ನಡಕ್ಕೆ ಸಲೀಸಾಗಿ ದಕ್ಕಿತು. ಇದು ನಮ್ಮ ಭಾಷೆಯ ಭಾಗ್ಯವೆಂದೇ ನಾನು ತಿಳಿದಿದ್ದೇನೆ.

ಇನ್ನು ಗುಡಿಯ ಮಾತು. ಗ್ರೀಕಿನಲ್ಲಿ ದೇವಾಲಯಕ್ಕೆ ಎರಡು ಪದ. ‘ಹಿಯೆರೋನ್’ ಎಂದರೆ ಅಂಗಳ, ಪ್ರಾಕಾರ, ಮಂಟಪ ಎಲ್ಲ ಸೇರಿದ ಇಡೀ ಆವರಣ. ‘ನವೋಸ್’ ಎಂದರೆ ಒಳಗಿನ ಪವಿತ್ರಸ್ಥಾನ, ನಮ್ಮ ಮಾತಿನಲ್ಲಿ ಗರ್ಭಗುಡಿ. ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ನೀವು ದೇವರ ಆಲಯ ಎನ್ನುವಾಗ ಆರಿಸಿಕೊಂಡ ಪದ ನವೋಸ್. ಆಗಿನ್ನೂ ಯೆರೂಸಲೇಮಿನ ಕಲ್ಲಿನ ದೇವಾಲಯ ನಿಂತಿತ್ತು. ರೋಮನ್ನರು ಅದನ್ನು ಸುಟ್ಟು ಕೆಡವಿದ್ದು ಕ್ರಿ.ಶ. 70ರಲ್ಲಿ. ಆ ಗುಡಿ ಇರುವಾಗಲೇ, ಬಂದರು ಪಟ್ಟಣವೊಂದರ ಕೂಲಿಗಳು, ದಾಸರು, ವ್ಯಾಪಾರಿಗಳು ಬೆರೆತ ಜನರಿಗೆ ಅವನು ನೀವೇ ಗರ್ಭಗುಡಿ ಎಂದ. ಹೊರಗಿನ ಅಂಗಳದಲ್ಲಿ ನಿಲ್ಲಲೂ ಅಂಜುತ್ತಿದ್ದವರಿಗೆ ಆ ಮಾತು ಹೇಗೆ ಕೇಳಿಸಿರಬೇಕು!

ದೇಹವೇ ದೇಗುಲ ಎಂಬ ಕಾಣ್ಕೆ ಕನ್ನಡಿಗರಿಗೆ ಹೊಸದಲ್ಲ, 12ನೇ ಶತಮಾನದಲ್ಲೇ ಬಸವಣ್ಣನವರು ಕೊಟ್ಟುಹೋಗಿದ್ದಾರೆ. ಪೌಲನೂ ಅದೇ ಪತ್ರದ 6ನೇ ಅಧ್ಯಾಯದಲ್ಲಿ ದೇಹವನ್ನು ಆಲಯವೆನ್ನುತ್ತಾನೆ. ಆದರೆ 3ನೇ ಅಧ್ಯಾಯದ ಮಾತು ಒಬ್ಬೊಬ್ಬನ ದೇಹದ್ದಲ್ಲ. ಅಲ್ಲಿ ‘ನೀವು’ ಎಂದರೆ ಹಲವರು, ‘ಆಲಯ’ ಮಾತ್ರ ಒಂದೇ. ಕನ್ನಡದಲ್ಲಿ ಗೌರವಕ್ಕೂ ನೀವು ಎನ್ನುತ್ತೇವಾದ್ದರಿಂದ ಓದುವವನು ಆ ಬಹುವಚನವನ್ನು ತನಗೊಬ್ಬನಿಗೇ ಸಂದ ಮರ್ಯಾದೆ ಎಂದುಕೊಳ್ಳಬಹುದು. ಕೊರಿಂಥದವರು ಆ ಹೊತ್ತಿಗೆ ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು ಎಂದು ಪಂಗಡ ಕಟ್ಟಿಕೊಂಡಿದ್ದರು. ಅವರಿಗೆ ಪೌಲ ಕೊಟ್ಟ ಎಚ್ಚರಿಕೆ ಈ ಆಲಯವನ್ನು ಕೆಡಿಸಬೇಡಿರೆಂದು. ಗುಡಿ ಕೆಡುವುದೆಂದರೆ ಅವನ ಲೆಕ್ಕದಲ್ಲಿ ಛಾವಣಿ ಬೀಳುವುದಲ್ಲ, ಜನ ಒಡೆಯುವುದು.

ಇದೇ ಮಾತು ಎಫೆಸದವರಿಗೆ ಬರೆದ ಪತ್ರದಲ್ಲಿ ಇನ್ನೂ ದೊಡ್ಡದಾಗಿ ಬರುತ್ತದೆ. ಎಫೆಸವೆಂದರೆ ಸಪ್ತ ಅದ್ಭುತಗಳಲ್ಲಿ ಒಂದಾದ ಅರ್ತೆಮಿಯ ಗುಡಿಯಿದ್ದ ಊರು. ಗುಡಿ ಎಂದರೇನೆಂದು ಅಲ್ಲಿಯ ಮಕ್ಕಳಿಗೂ ಗೊತ್ತಿತ್ತು. ಈ ಪತ್ರದ 2ನೇ ಅಧ್ಯಾಯದ ಕೊನೆಯಲ್ಲಿ ಒಂದು ಪವಿತ್ರ ಆಲಯ ಮೇಲೇಳುತ್ತದೆ: ಅಪೊಸ್ತಲರು, ಪ್ರವಾದಿಗಳು ಅಸ್ತಿವಾರ, ಕ್ರಿಸ್ತನೇ ಮೂಲೆಗಲ್ಲು, ಜನವೇ ಕಟ್ಟಡ. ಆದರೆ ಅದೇ ಅಧ್ಯಾಯದಲ್ಲಿ, ಕಟ್ಟುವ ಮಾತಿಗೆ ಮೊದಲೇ, ಕೆಡಹುವ ಮಾತು ಬರುತ್ತದೆ. ಎರಡು ಜನಾಂಗಗಳ ನಡುವಿನ ಅಡ್ಡಗೋಡೆ ಬಿದ್ದಿತು ಎನ್ನುತ್ತದೆ ಪತ್ರ. ಯೆರೂಸಲೇಮಿನ ದೇವಾಲಯದಲ್ಲಿ ಅಂಥದೊಂದು ಕಲ್ಲಿನ ತಡೆಗೋಡೆ ನಿಜಕ್ಕೂ ಇತ್ತು. ಅನ್ಯಜನರು ಅದನ್ನು ದಾಟಿ ಒಳಗೆ ಕಾಲಿಟ್ಟರೆ ಸಾವಿಗೆ ತಾವೇ ಹೊಣೆ ಎಂದು ಸಾರುವ ಗ್ರೀಕ್ ಶಾಸನವೊಂದು 1871ರಲ್ಲಿ ಸಿಕ್ಕಿದೆ, ಈಗ ಇಸ್ತಾಂಬುಲಿನ ಸಂಗ್ರಹಾಲಯದಲ್ಲಿದೆ. ಆ ಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಪತ್ರದ ಕ್ರಮ ಸ್ಪಷ್ಟವಾಗುತ್ತದೆ. ಜನದ ಗುಡಿ ಕಟ್ಟುವ ಕೆಲಸ ಶುರುವಾಗುವುದು ಒಂದು ಗೋಡೆಯನ್ನು ತೆಗೆಯುವುದರಿಂದ.

ಸಿರಿಯಾದ ಯೂಫ್ರೆಟಿಸ್ ದಂಡೆಯ ದುರಾ ಯುರೋಪೋಸ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಅಲ್ಲಿ 1930ರ ದಶಕದ ಉತ್ಖನನದಲ್ಲಿ ಒಂದು ಸಾಧಾರಣ ಮನೆ ಸಿಕ್ಕಿತು. ಕ್ರಿ.ಶ. 3ನೇ ಶತಮಾನದ ಮೊದಲರ್ಧದಲ್ಲಿ ಕ್ರೈಸ್ತರು ಅದನ್ನು ಆರಾಧನೆಗೆಂದು ಮಾರ್ಪಡಿಸಿದ್ದರು. ಒಂದು ಕೋಣೆಯನ್ನು ಸ್ನಾನದೀಕ್ಷೆಗೆ ಸಜ್ಜುಗೊಳಿಸಿ, ಗೋಡೆಯ ಮೇಲೆ ಕುರಿ ಹೊತ್ತ ಕುರುಬನನ್ನು ಬರೆಸಿದ್ದರು. ಜನ ಕೂಡಲು ಜಾಗ ಬೇಕಾಗಿ ಎರಡು ಕೋಣೆಗಳ ನಡುವಿನ ಗೋಡೆ ಕೆಡವಿ ಒಂದು ಮಾಡಿದ್ದರು. ಗೋಪುರವಿಲ್ಲ, ಗಂಟೆಯಿಲ್ಲ. ಹೊರಗಿನಿಂದ ನೋಡಿದರೆ ಅದು ಪಕ್ಕದ ಮನೆಯಂಥದೇ ಮನೆ. ನಮಗೆ ಉಳಿದಿರುವ ಅತಿ ಹಳೆಯ ಕ್ರೈಸ್ತ ಆರಾಧನಾ ಸ್ಥಳಗಳಲ್ಲಿ ಇದೂ ಒಂದು.

ಪೇತ್ರನ ಮೊದಲನೆಯ ಪತ್ರ ಇದೇ ಚಿತ್ರಕ್ಕೆ ಜೀವ ತುಂಬುತ್ತದೆ. ಪೇತ್ರ ಎಂದರೇ ಕಲ್ಲು. ಆ ಹೆಸರಿನ ಪತ್ರ ಓದುಗರೆಲ್ಲರನ್ನೂ ಜೀವವುಳ್ಳ ಕಲ್ಲುಗಳೆನ್ನುತ್ತದೆ, ಅವರಿಂದ ಆತ್ಮಿಕ ಮಂದಿರವೊಂದು ಏಳುತ್ತಿದೆ ಎನ್ನುತ್ತದೆ. ಪತ್ರ ಹೋದದ್ದು ಏಷ್ಯಾ ಮೈನರಿನಲ್ಲಿ ಚದುರಿಹೋಗಿದ್ದವರಿಗೆ, ಪರವಾಸಿಗಳೆಂದು ಕರೆಸಿಕೊಂಡವರಿಗೆ. ಮನೆಯಿಲ್ಲದವರಿಗೆ ನೀವೇ ಮನೆ ಎಂದು ಬರೆದ ಪತ್ರ ಅದು.

ಕಲ್ಲಿಗೆ ಕಲ್ಲು ಕೂಡುವುದೆಂದರೇನೆಂದು ನನಗೆ ತೋರಿಸಿದವನು ಒಬ್ಬ ಗೌಂಡಿ. ಒಂದು ಮಳೆಗಾಲದಲ್ಲಿ ನಮ್ಮ ದೇವಾಲಯದ ಕಂಪೌಂಡ್ ಗೋಡೆ ಒಂದು ಕಡೆ ಜರಿದಿತ್ತು. ರಿಪೇರಿಗೆ ಬಂದವನು ದೊಡ್ಡ ಕಲ್ಲೊಂದನ್ನು ಎತ್ತಿ ಕೂಡಿಸಿ, ಅಂಗೈಯಿಂದ ಒತ್ತಿ ನೋಡಿದ. ಅಲುಗಿತು. ಮತ್ತೆ ತೆಗೆದ. ಸುತ್ತಿಗೆಯಿಂದ ಮೂಲೆ ಒಡೆದು ಕೂಡಿಸಿದ. ಆಮೇಲೆ ಕೆಳಗೆ ಬಿದ್ದಿದ್ದ ಚೂರುಗಳಲ್ಲಿ ಹುಡುಕಿ, ಬೆರಳಗಲದ ಒಂದು ಚಕ್ಕೆಯನ್ನು ಸಂದಿಗೆ ಇಟ್ಟು ಬಡಿದ. ಕಲ್ಲು ಗಟ್ಟಿಯಾಗಿ ನಿಂತಿತು. ಸಿಮೆಂಟ್ ಇದೆಯಲ್ಲ, ಇದು ಯಾಕೆ ಎಂದು ಕೇಳಿದೆ. ‘ಚಕ್ಕಿ ಇಲ್ದ ಗ್ವಾಡಿ ನಿಂದ್ರೂದಿಲ್ರಿ’ ಎಂದ, ತಲೆ ಎತ್ತದೆಯೇ.

ಅಂದಿನಿಂದ ಪೌಲನ ಇನ್ನೊಂದು ಮಾತು ನನಗೆ ಬೇರೆಯಾಗಿ ಕೇಳಿಸುತ್ತದೆ. ಸಭೆಯಲ್ಲಿ ಒಬ್ಬರು ಇನ್ನೊಬ್ಬರನ್ನು ಬೆಳೆಸುವುದಕ್ಕೆ ಅವನು ಬಳಸುವ ಪದ ‘ಒಯ್ಕೊದೊಮೆ’, ಅಂದರೆ ಮನೆ ಕಟ್ಟುವುದು. ನಮ್ಮ ಹಳೆಯ ಸತ್ಯವೇದದಲ್ಲಿ ಅದು ‘ಭಕ್ತಿವೃದ್ಧಿ’ಯಾಗಿದೆ. ಅರ್ಥ ತಪ್ಪಲ್ಲ, ಆದರೆ ಗೌಂಡಿಯ ಕೈಯ ಸುತ್ತಿಗೆ, ಚಕ್ಕೆ, ಬೆವರು ಕಾಣೆಯಾಗಿವೆ. ಭಕ್ತಿ ಒಬ್ಬನೇ ಕುಳಿತರೂ ವೃದ್ಧಿಯಾದೀತು. ಗೋಡೆ ಏಳಬೇಕಾದರೆ ಪಕ್ಕದ ಕಲ್ಲಿಗಾಗಿ ನನ್ನ ಮೂಲೆಯೊಂದು ಒಡೆಯಬೇಕು.

ಕಟ್ಟಡ ಬೇಡವೆಂದು ನಾನು ಹೇಳುತ್ತಿಲ್ಲ. ಅಜ್ಜ ಮುತ್ತಜ್ಜಂದಿರು ಮೊಣಕಾಲೂರಿದ ನೆಲವನ್ನು ಪ್ರೀತಿಸದವನು ಜನರನ್ನು ಪ್ರೀತಿಸುವುದೂ ಕಷ್ಟ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚ್ ಇದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ತೆರವಾಯಿತು. ಮಳೆಗಾಲದಲ್ಲಿ ಹಿನ್ನೀರು ಕಮಾನುಗಳ ತನಕ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಛಾವಣಿಯಿಲ್ಲದ ಆ ಗೋಡೆಗಳ ನಡುವೆ ನಿಂತರೆ ಮೇಲೆ ಬರಿಯ ಆಕಾಶ, ಕಮಾನಿನ ಸಂದಿಯಲ್ಲಿ ಹಕ್ಕಿಗಳು. ಚೆಲುವಿಗೆ ಮನಸೋತು ಜನ ಫೋಟೊ ತೆಗೆಯುತ್ತಾರೆ. ನನಗೆ ಅಲ್ಲಿ ನೆನಪಾದದ್ದು ಹೊರಟುಹೋದವರು. ಹಾಸಿಗೆ ಕಟ್ಟಿ, ಮಕ್ಕಳ ಕೈ ಹಿಡಿದು, ಹಿಂತಿರುಗಿ ನೋಡುತ್ತ ಹೋಗಿರಬೇಕು. ಆ ನೋವು ಸಣ್ಣದಲ್ಲ. ಆದರೂ ನೀರಿನಡಿ ಹೋದದ್ದು ಕಟ್ಟಡ. ಆ ಜನ ಹೋದಲ್ಲಿ ಇಬ್ಬರು ಮೂವರು ಕೂಡಿ ಪ್ರಾರ್ಥಿಸಿದ ಕಡೆ ಆಲಯ ಮತ್ತೆ ಎದ್ದಿತೆಂದು ಹೇಳುವ ಧೈರ್ಯವನ್ನು ಈ ಬೋಧನೆ ಕೊಡುತ್ತದೆ.

ಅದೇ ಬೋಧನೆ ನಮ್ಮನ್ನು ಕಟಕಟೆಗೂ ಏರಿಸುತ್ತದೆ. ಛಾವಣಿ ಸೋರದೆ, ಸುಣ್ಣಬಣ್ಣ ಮಾಸದೆ, ಒಳಗೆ ಆಲಯ ಕುಸಿದಿರಬಹುದು. ಹೆಣ್ಣು ಕೊಡುವಾಗ ಹಳೆಯ ಜಾತಿ ಕೇಳುವ ಕ್ರೈಸ್ತ ಮನೆಗಳು ನಮ್ಮ ನಡುವೆ ಇವೆ. ಜಾತಿಗೊಂದು ಸ್ಮಶಾನವಿರುವ ಸಭೆಗಳು ನಮ್ಮ ದೇಶದಲ್ಲಿವೆ. ಇಸ್ತಾಂಬುಲಿನಲ್ಲಿರುವ ಆ ಕಲ್ಲಿನ ಶಾಸನವನ್ನು ನಾವು ಕೆತ್ತಿಸಿಲ್ಲ ನಿಜ, ನಾಲಿಗೆಯ ಮೇಲೆ, ಕಣ್ಣಿನಲ್ಲಿ ಬರೆದುಕೊಂಡಿದ್ದೇವೆ. ದ್ರೌಪದಿಯ ಪ್ರಶ್ನೆಗೆ ತಲೆತಗ್ಗಿಸಿದ ಸಭೆಯ ಹಾಗೆ ನಾವೂ ಎಷ್ಟೋ ಸಲ ಸುಮ್ಮನೆ ಕುಳಿತಿದ್ದೇವೆ. ಅಡ್ಡಗೋಡೆ ಉಳಿಸಿಕೊಂಡು ಗುಡಿ ಕಟ್ಟುತ್ತೇವೆ ಎನ್ನುವವರಿಗೆ ಎಫೆಸದವರಿಗೆ ಬರೆದ ಆ ಪತ್ರದಲ್ಲಿ ಜಾಗವಿಲ್ಲ.

ದೇವಾಲಯವನ್ನು ಕಟ್ಟುತ್ತೇವೆ, ಸಭೆ ಕೂಡುತ್ತದೆ. ಕಟ್ಟುವುದು ಒಮ್ಮೆ ಮುಗಿಯುತ್ತದೆ, ಕೂಡುವುದು ವಾರವಾರವೂ ಹೊಸದಾಗಿ ಆಗಬೇಕು. ಇದನ್ನು ಯಾವ ಪುಸ್ತಕವೂ ಇಲ್ಲದೆ ತಿಳಿದಿದ್ದವಳು ನನ್ನ ಅಜ್ಜಿ. ಕೊನೆಯ ಎರಡು ವರ್ಷ ಆಕೆ ಮಂಚ ಬಿಟ್ಟು ಇಳಿಯಲಿಲ್ಲ. ಭಾನುವಾರ ನಾವು ಮರಳಿ ಹೊಸ್ತಿಲು ತುಳಿಯುವುದೇ ತಡ, ‘ಇವತ್ತ ಸಭಿ ಹೆಂಗ ಕೂಡಿತ್ತು?’ ಎಂದು ಕೇಳುತ್ತಿದ್ದಳು. ಪ್ರಸಂಗ ಹೇಗಿತ್ತು, ಹಾಡು ಹೇಗಿತ್ತು ಎಂದು ಕೇಳಿದವಳಲ್ಲ. ಮೂಲೆಯ ಬೆಂಚಿನಿಂದ ಶುರುಮಾಡಿ ಒಬ್ಬೊಬ್ಬರ ಹೆಸರು ಹಿಡಿದು ಬಂದಿದ್ದರೇ ಎಂದು ವಿಚಾರಿಸುತ್ತಿದ್ದಳು. ಒಂದು ಭಾನುವಾರ, ಗಂಡ ತೀರಿಕೊಂಡು ಒಬ್ಬಳೇ ಇದ್ದ ಹೆಂಗಸಿನ ಹೆಸರು ಬಂದಾಗ ನಾವು ಮುಖ ಮುಖ ನೋಡಿಕೊಂಡೆವು. ಬಂದಿರಲಿಲ್ಲ. ಬಂದಿಲ್ಲವೆಂದು ನಮ್ಮಲ್ಲಿ ಯಾರೂ ಗಮನಿಸಿಯೂ ಇರಲಿಲ್ಲ.

ಅಜ್ಜಿ ಬೈಯಲಿಲ್ಲ. ತನಗೆಂದು ಬಡಿಸಿ ತಂದ ಗಂಗಾಳವನ್ನು ಮುಟ್ಟದೆ ಬದಿಗೆ ಸರಿಸಿ, ‘ಮೊದಲ ಆಕಿ ಮನಿಗೆ ಹೋಗಿ ಬಾ’ ಎಂದಳು.