ತಿರುಪು ಬೈರಿಗೆ

ನಮ್ಮ ಬಡಗಿಗಳ ಸಲಕರಣೆಗಳಲ್ಲಿ ಉಳಿ, ಬಾಚಿ, ಕೊಡತಿ, ಗರಗಸಗಳ ಜೊತೆಗೆ ಬೈರಿಗೆಗೂ ಪುರಾತನವಾದ ಸ್ಥಾನವುಂಟು. ಒಬ್ಬನು ಅದರ ತಲೆಯನ್ನು ಒತ್ತಿ ಹಿಡಿದಿರಲು, ಮತ್ತೊಬ್ಬನು ಸುತ್ತಿದ ಹಗ್ಗವನ್ನು ಅತ್ತಿತ್ತ ಸೆಳೆಯುತ್ತಿರಲು, ಮೊನೆಯು ಮರದೊಳಕ್ಕೆ ಇಳಿಯುತ್ತ ಹೋಗಿ, ಅದು ಹಾದ ದಾರಿಯ ಮರವೆಲ್ಲ ಹೊಟ್ಟಾಗಿ ನೆಲಕ್ಕುದುರುವುದು. ಬಡಗಿಗೆ ಬೇಕಾದುದು ರಂಧ್ರವಾದುದರಿಂದ ಆ ಹೊಟ್ಟಿನ ಚಿಂತೆ ಅವನಿಗಿಲ್ಲ. ಆದರೆ ಮರವನ್ನು ಕಡಿಯದೆಯೇ ಅದರ ವಯಸ್ಸನ್ನೂ ವರ್ಷವರ್ಷಕ್ಕೆ ಅದು ಎಷ್ಟೆಷ್ಟು ದಪ್ಪವಾಯಿತೆಂಬುದನ್ನೂ ಅರಿಯಬಯಸುವವನಿಗೆ ಆ ರಂಧ್ರದೊಳಗಿದ್ದ ಮರವೇ ಬೇಕು. ಅದೂ ತೊಗಟೆಯಿಂದ ತಿರುಳಿನವರೆಗೆ ಕ್ರಮಗೆಡದೆ, ಒಂದೇ ಕಡ್ಡಿಯಾಗಿ ಕೈಗೆ ಬರಬೇಕು.

ಇಂತಹ ಬೈರಿಗೆಯನ್ನು ನಿರ್ಮಿಸಿದ ಕೀರ್ತಿ ಮಾಕ್ಸ್ ರಾಬರ್ಟ್ ಪ್ರೆಸ್ಲರನದು. ಜರ್ಮನಿಯ ಸಾಕ್ಸನಿಯಲ್ಲಿ, ಡ್ರೆಸ್ಡೆನ್ ನಗರಕ್ಕೆ ಸಮೀಪವಾದ ಥರಾಂಡ್ಟಿನ ಅರಣ್ಯ ವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಈತನು 1855ರ ಸುಮಾರಿಗೆ ಇದನ್ನು ರೂಪಿಸಿ, 1866ರಲ್ಲಿ ಇದನ್ನೇ ಕುರಿತು ಒಂದು ಬರಹವನ್ನು ಪ್ರಕಟಿಸಿದನು. ಅರಣ್ಯವನ್ನು ಮೂಲಧನವೆಂದೂ, ಮರದ ವಾರ್ಷಿಕ ಬೆಳವಣಿಗೆಯನ್ನು ಅದರ ಬಡ್ಡಿಯೆಂದೂ ಎಣಿಸುತ್ತಿದ್ದ ಆ ಲೆಕ್ಕಾಚಾರದ ಪಂಡಿತನಿಗೆ, ಬಡ್ಡಿಯು ಇಳಿಮುಖವಾಗುವ ವರ್ಷವನ್ನು ತಿಳಿಯುವುದು ಅವಶ್ಯವಾಗಿದ್ದಿತು. ಅದಕ್ಕಾಗಿ ಮರವನ್ನೇ ಉರುಳಿಸಿದರೆ ಲೆಕ್ಕವೇ ನಿರರ್ಥಕವಾಗುತ್ತಿದ್ದಿತು. ಮುಂದೆ ಹವಾಮಾನದ ಚರಿತ್ರೆಗೂ ಪ್ರಾಚೀನ ಕಟ್ಟಡಗಳ ಕಾಲನಿರ್ಣಯಕ್ಕೂ ದಾರಿದೀಪವಾದ ಉಪಕರಣವೊಂದು ಅರಣ್ಯಾದಾಯದ ಗಣಿತದಿಂದ ಹುಟ್ಟಿತೆಂಬುದು ಸ್ಮರಣೀಯವಾದ ಸಂಗತಿ.

ಅದರ ಅಂಗಗಳು ಮೂರೇ. ಮೊದಲನೆಯದು ಉಕ್ಕಿನ ಟೊಳ್ಳು ಕೊಳವೆ. ಅದರ ಬಾಯಿ ಹರಿತವಾದ ಅಂಚುಳ್ಳದ್ದು, ಬಾಯಿಯ ಹಿಂದೆಯೇ ಹೊರಮೈಯಲ್ಲಿ ಎರಡೆಳೆಯ ಅಥವಾ ಮೂರೆಳೆಯ ತಿರುಪು. ಎರಡನೆಯದು ಅಡ್ಡಹಿಡಿ, ಪಯಣದಲ್ಲಿ ಮಿಕ್ಕ ಭಾಗಗಳು ಇದರ ಒಡಲಲ್ಲೇ ಅಡಗಿ ಕೂರುತ್ತವೆ. ಮೂರನೆಯದು ಚಮಚದಂತೆ ಉದ್ದಕ್ಕೂ ತೋಡಿದ, ತುದಿಯಲ್ಲಿ ಸಣ್ಣ ಹಲ್ಲುಗಳುಳ್ಳ ತೆಳುವಾದ ಪಟ್ಟಿ. ಎದೆಯ ಎತ್ತರದಲ್ಲಿ, ಕಾಂಡಕ್ಕೆ ನೇರ ಅಡ್ಡವಾಗಿ ಕೊಳವೆಯ ಬಾಯನ್ನಿಟ್ಟು, ಮೊದಲು ದೇಹಭಾರದಿಂದ ಒತ್ತಿ ತಿರುವಬೇಕು. ತಿರುಪು ಮರವನ್ನು ಕಚ್ಚಿದ ಮೇಲೆ ಅದು ತನ್ನನ್ನು ತಾನೇ ಒಳಕ್ಕೆಳೆದುಕೊಂಡು ಹೋಗುವುದು, ಸುತ್ತಲೂ ಕತ್ತರಿಸಲ್ಪಟ್ಟ ಮರವು ಕೊಳವೆಯೊಳಗೆ ಕಡ್ಡಿಯಾಗಿ ಉಳಿಯುವುದು. ಬಳಿಕ ಪಟ್ಟಿಯನ್ನು ಒಳಗೆ ತೂರಿಸಿ, ಹಿಡಿಯನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿದರೆ ಕಡ್ಡಿಯ ಬುಡ ಮುರಿದು, ಪಟ್ಟಿಯೊಡನೆ ಹೊರಕ್ಕೆ ಜಾರಿ ಬರುವುದು. ಸಾಮಾನ್ಯವಾಗಿ ಅದರ ದಪ್ಪ 5.15 ಮಿಲಿಮೀಟರು, ಎಂದರೆ ಪೆನ್ಸಿಲಿಗಿಂತ ಕಿರಿದು. ಮರದ ರಾಸಾಯನಿಕ ಪರೀಕ್ಷೆಗೆ ಹೆಚ್ಚು ದ್ರವ್ಯ ಬೇಕಾದಾಗ 12 ಮಿಲಿಮೀಟರಿನ ಕೊಳವೆಗಳನ್ನು ಬಳಸುವುದುಂಟು. ಇಂತಹ ಬೈರಿಗೆಗಳ ತಯಾರಿಕೆಯಲ್ಲಿ ಸ್ವೀಡನ್ ದೇಶವು ಬಹುಕಾಲದಿಂದ ಪ್ರಸಿದ್ಧವಾಗಿದೆ.

ಇಲ್ಲಿ ಎಲ್ಲವೂ ಅಂಚಿನ ಹರಿತವನ್ನೂ ತಿರುಪಿನ ನಿಷ್ಕೃಷ್ಟತೆಯನ್ನೂ ಅವಲಂಬಿಸಿದೆ. ಅಂಚು ಕೊಂಚ ಮುಕ್ಕಾದರೂ ಕಡ್ಡಿಯು ತಿರುಚಿಕೊಂಡು ಚೂರುಚೂರಾಗುವುದು. ಗಟ್ಟಿಮರದಲ್ಲಿ ತಿರುಪಿಗೆ ಜೇನುಮೇಣ ಸವರದೆ ಅವಸರಪಟ್ಟರೆ ಕೊಳವೆಯೇ ಒಳಗೆ ಸಿಕ್ಕಿ ಮುರಿಯುವುದೂ ಉಂಟು. ಉಷ್ಣದೇಶದ ಮರಗಳಲ್ಲಿ ಈ ಅಪಾಯ ಅಧಿಕ. ಇಂತಹ ತಿರುಪನ್ನು ಲೇತಿನ ಮೇಲೆ ಕೊರೆಯುವ ಕೌಶಲವು ನಮ್ಮ ಸೀಮೆಗೆ ಅಪರಿಚಿತವೇನಲ್ಲ: 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳನ್ನೇ ನಿರ್ಮಿಸಿ, ತುಂಗಭದ್ರೆಯ ದಡದ ಎಷ್ಟೋ ಮನೆತನಗಳ ಮಕ್ಕಳಿಗೆ ಉಕ್ಕಿನ ಸೂಕ್ಷ್ಮವನ್ನು ಕಲಿಸಿದ್ದಿತು.

ಉಪಕರಣವು ಎಡವಿದಲ್ಲಿ ಏನಾಗುವುದೆಂಬುದಕ್ಕೆ ಅಮೆರಿಕದ ನೆವಾಡಾ ಪ್ರಾಂತದ ನಿದರ್ಶನವಿದೆ. 1964ರಲ್ಲಿ ಡೊನಾಲ್ಡ್ ಕರ್ರಿ ಎಂಬ ಯುವಸಂಶೋಧಕನಿಗೆ ಪರ್ವತದ ಮೇಲಿನ ಒಂದು ಮುದಿ ಪೈನ್ ಮರದಿಂದ ಬೈರಿಗೆಯ ಮೂಲಕ ತೃಪ್ತಿಕರವಾದ ಕಡ್ಡಿ ದೊರೆಯದೆ, ಅಧಿಕಾರಿಗಳ ಅನುಮತಿಯಿಂದಲೇ ಮರವನ್ನು ಕಡಿಯಲಾಯಿತು. ಎಣಿಸಿ ನೋಡಿದರೆ, ವರ್ಷಕ್ಕೊಂದರಂತೆ ಮೂಡುವ ಬೆಳವಣಿಗೆಯ ವಲಯಗಳು 4,800ಕ್ಕೂ ಮಿಕ್ಕಿದ್ದುವು. ಅಂದಿಗೆ ತಿಳಿದಿದ್ದ ಮರಗಳಲ್ಲೆಲ್ಲ ಹಿರಿಯದಾದುದು ಹೀಗೆ ನೆಲಕ್ಕುರುಳಿದ ವಾರ್ತೆಯನ್ನು ಓದಿದಾಗಲೆಲ್ಲ ಮನಸ್ಸು ಕಲಕುತ್ತದೆ.

ನಮ್ಮಲ್ಲಿ ಈ ವಿದ್ಯೆಗೆ ಮುಖ್ಯವಾದ ಆಶ್ರಯ ತೇಗ. ಸದಾ ಹಸಿರಾಗಿರುವ ಮಲೆನಾಡಿನ ಅನೇಕ ವೃಕ್ಷಗಳಲ್ಲಿ ವಲಯಗಳು ಸ್ಫುಟವಾಗಿ ಮೂಡುವುದಿಲ್ಲ. ತೇಗವಾದರೋ ಬೇಸಗೆಯಲ್ಲಿ ಎಲೆಯುದುರಿಸಿ ಬೆಳವಣಿಗೆಯನ್ನು ನಿಲ್ಲಿಸಿ, ಮಳೆ ಹಿಡಿದೊಡನೆ ದೊಡ್ಡ ದೊಡ್ಡ ನಾಳಗಳ ಸಾಲನ್ನು ಕಟ್ಟುವುದರಿಂದ ವರ್ಷದ ಗಡಿಯು ಬರಿಗಣ್ಣಿಗೂ ಗೋಚರಿಸುವುದು. ಮಳೆ ನಡುವೆ ಕೈಕೊಟ್ಟು ಮತ್ತೆ ಬಂದರೆ ಮಿಥ್ಯಾವಲಯವೂ ಮೂಡಬಹುದಾದುದರಿಂದ, ಒಂದೊಂದು ಮರದಿಂದ ಎರಡು ಕಡ್ಡಿಗಳನ್ನಾದರೂ ತೆಗೆದು, ಅನೇಕ ಮರಗಳ ಸಾಲುಗಳನ್ನು ಪರಸ್ಪರ ತಾಳೆ ನೋಡುವರು. 1864ರಲ್ಲಿ ಮೈಸೂರಿನ ಅರಣ್ಯ ಇಲಾಖೆ ಹುಟ್ಟಿದ ಕಾಲದಿಂದಲೂ ತೇಗವು ಸರ್ಕಾರಕ್ಕೆ ಬೊಕ್ಕಸದ ವಸ್ತುವಾಗಿದ್ದಿತು. ಅರಣ್ಯಾಧಿಕಾರಿ ಗ್ಯಾಂಬಲನು 1881ರಲ್ಲಿ ಪ್ರಕಟಿಸಿದ ಭಾರತೀಯ ಮರಗಳ ಕೈಪಿಡಿಯಲ್ಲಿ ಅಂಗುಲಕ್ಕೆ ಎಷ್ಟು ವಲಯಗಳೆಂಬ ಗಣನೆ ಆಗಲೇ ಇದೆ. ಆದರೆ ವಲಯಗಳಿಂದ ಮಳೆಯ ಚರಿತ್ರೆಯನ್ನು ಓದುವ ಕಾರ್ಯ ಒಂದು ಶತಮಾನ ತಡೆದು ಬಂದಿತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿದ್ವಾಂಸರು ಕೇರಳದ ತೇಗಗಳಿಂದ 1481ರಿಂದ 2003ರವರೆಗಿನ 523 ವರ್ಷಗಳ ಸರಣಿಯನ್ನು ಕಟ್ಟಿ, 2010ರಲ್ಲಿ ಪ್ರಕಟಿಸಿ, ಎಲ್ ನಿನೋ ಸಂಬಂಧದ ಅನಾವೃಷ್ಟಿಯು ಕಿರಿದಾದ ವಲಯಗಳಲ್ಲಿ ಅಚ್ಚೊತ್ತಿರುವುದನ್ನು ತೋರಿಸಿದರು. ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ, ಎಂದರೆ 1876ರಿಂದ 1878ರವರೆಗೆ, ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಗತಿಸಿದುದನ್ನು ಬಲ್ಲ ನಮಗೆ ಇಂತಹ ದಾಖಲೆ ಕೇವಲ ಅಂಕಿಗಳ ಪಟ್ಟಿಯಾಗಿ ಕಾಣಲಾರದು. ಮಳೆಮಾಪಕಗಳಿಲ್ಲದ ಶತಮಾನಗಳಲ್ಲಿಯೂ ನಮ್ಮ ಪೂರ್ವಿಕರು ಎಂತೆಂತಹ ಬರಗಳನ್ನು ಸಹಿಸಿದರೆಂಬುದಕ್ಕೆ ಮರವೇ ಸಾಕ್ಷಿ.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನಿವಾಸಿಗಳಾದ ನಮ್ಮ ಬೀದಿಗಳ ಬೇವು, ಹೊಂಗೆಗಳು ಈ ಪರೀಕ್ಷೆಗೆ ಅಷ್ಟಾಗಿ ಒದಗುವುವಲ್ಲ. ಅವುಗಳ ವಲಯಗಳು ಅಸ್ಪಷ್ಟ. ದಾವಣಗೆರೆ ಹರಿಹರಗಳ ನಿಜವಾದ ಸಂಪತ್ತು ಇರುವುದು ಹಳೆಯ ಕೇರಿಗಳ ಮನೆಗಳಲ್ಲಿ, ಅವುಗಳ ತೇಗದ ತೊಲೆ ಕಂಬಗಳಲ್ಲಿ. ಮನೆಯೊಂದು ಕೆಡವಲ್ಪಟ್ಟರೆ ಆ ತೊಲೆಗಳು ಸಾಮಿಲ್ಲಿಗೆ ಹೋಗಿ ಕಿಟಕಿ ಬಾಗಿಲುಗಳಾಗುವುವು, ವಲಯಗಳ ಸಾಲು ಹರಿದುಹೋಗುವುದು. ಒಣಗಿದ ತೊಲೆಗೆ ಪ್ರೆಸ್ಲರನ ತಿರುಪು ಒಗ್ಗದು. ಹಲ್ಲುಗಳುಳ್ಳ ಕೊಳವೆಯನ್ನು ವಿದ್ಯುತ್ ಡ್ರಿಲ್ಲಿಗೆ ಜೋಡಿಸಿ ಕೊರೆಯಬೇಕು. ಅಂತಹ ಕೊಳವೆಯನ್ನು ಮಾಡುವುದು ಹರಿಹರದ ಲೇತುಗಾರರಿಗೆ ದುಸ್ಸಾಧ್ಯವೆಂದು ನಾನು ಭಾವಿಸುವುದಿಲ್ಲ. ತೊಲೆಯ ಹೊರಮೈಯನ್ನು ಬಡಗಿಯು ಬಾಚಿಯಿಂದ ಕೆತ್ತಿ ತೆಗೆದಿದ್ದರೆ ಮರ ಕಡಿದ ವರ್ಷವು ನಿಖರವಾಗಿ ತಿಳಿಯದು, ಇಂತಹ ವರ್ಷದ ತರುವಾಯವೆಂದಷ್ಟೇ ಹೇಳಬಹುದು. ಆದುದರಿಂದ ಎಲ್ಲಿಯಾದರೂ ಒಂದು ಮೂಲೆಯಲ್ಲಿ ತೊಗಟೆಯಂಚು ಉಳಿದಿರುವ ತೊಲೆಯನ್ನು ಮೊದಲು ಆರಿಸಬೇಕು. ಕೊರೆದ ಕಡ್ಡಿಯ ಮೇಲೆ ಮನೆ ಯಾವುದು, ಕೋಣೆ ಯಾವುದು, ತೊಲೆ ಯಾವ ದಿಕ್ಕಿನದೆಂಬುದನ್ನು ಅಲ್ಲಿಯೇ ಬರೆದು, ಎಳೆಗಳು ಮೇಲ್ಮುಖವಾಗುವಂತೆ ತೋಡಿದ ಮರದ ಪಟ್ಟಿಗೆ ಅಂಟಿಸಿ, ನಯವಾಗಿ ಉಜ್ಜಿ, ಬೆಂಗಳೂರಿನ ಕಾಷ್ಠ ವಿಜ್ಞಾನ ಸಂಸ್ಥೆಯಂತಹ ಕಡೆಗೆ ತಲುಪಿಸಬೇಕು. ಈ ಕೆಲಸಕ್ಕೆ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೂ ಮನೆ ಕೆಡಹುವ ಗುತ್ತಿಗೆದಾರರೂ ಕೈಜೋಡಿಸಬೇಕೆಂದು ಬೇಡಿಕೊಳ್ಳುತ್ತೇನೆ. ಸಾಮಿಲ್ಲಿನ ಗರಗಸಕ್ಕೆ ತೊಲೆಯನ್ನು ಒಡ್ಡುವ ಮುನ್ನ ಅರ್ಧ ಘಂಟೆಯ ಬಿಡುವು ದೊರೆತರೂ ಕೊರೆಯುವುದಕ್ಕೆ ಸಾಕು.