ಶಿಶುಶಿಕ್ಷಣ ಮತ್ತು ಸರ್ಕಾರದ ಬೊಕ್ಕಸ: ಇಂಗ್ಲೆಂಡ್ ಹಾಗೂ ಭಾರತ

ಪ್ರಾಥಮಿಕ ಶಾಲೆಗೆ ಸೇರುವ ಮುನ್ನಿನ ಮಕ್ಕಳ ಶಿಕ್ಷಣಕ್ಕಾಗಿ ಎರಡು ದೇಶಗಳ ಸರ್ಕಾರಗಳು ಮಾಡುವ ವೆಚ್ಚವನ್ನು ತುಲನೆ ಮಾಡುವವರು ಸಾಮಾನ್ಯವಾಗಿ ಮೊತ್ತಗಳನ್ನೇ ಎದುರುಬದುರಾಗಿ ಇಡುತ್ತಾರೆ. ಆದರೆ ಆ ಹಣ ಯಾವ ಲೆಕ್ಕದಿಂದ ಬರುತ್ತದೆ, ಅದನ್ನು ಕೊಡುವುದು ಸರ್ಕಾರದ ಕರ್ತವ್ಯವೋ ಔದಾರ್ಯವೋ ಎಂಬುದನ್ನು ವಿಚಾರಿಸದೆ ಮೊತ್ತದ ಅರ್ಥ ತಿಳಿಯದು. ಈ ಇತಿಹಾಸದ ಕೆಲವು ಮುಖ್ಯ ಘಟ್ಟಗಳು ಮದರಾಸಿನಲ್ಲಿಯೇ ನಡೆದುದರಿಂದ, ಇಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ.

ಇಂಗ್ಲೆಂಡಿನ ೧೯೧೮ರ ಶಿಕ್ಷಣ ಶಾಸನವು ಎರಡರಿಂದ ಐದು ವರ್ಷದವರೆಗಿನ ಮಕ್ಕಳಿಗೆ ಶಿಶುಶಾಲೆಗಳನ್ನು ನಡೆಸಲು ಸ್ಥಳೀಯ ಶಿಕ್ಷಣ ಮಂಡಲಿಗಳಿಗೆ ಅಧಿಕಾರವಿತ್ತಿತು, ನಡೆಸಲೇಬೇಕೆಂದು ವಿಧಿಸಲಿಲ್ಲ. ೧೯೪೪ರ ಶಾಸನವು ಅಂಥ ಶಾಲೆಗಳ ಅಗತ್ಯವನ್ನು ಗಮನಿಸುವ ಹೊಣೆಯನ್ನು ಅವುಗಳ ಮೇಲೆ ಹೊರಿಸಿತು. ಅದೇ ವರ್ಷ ಭಾರತದಲ್ಲಿ ಸಾರ್ಜೆಂಟ್ ವರದಿಯೆಂದು ಪ್ರಸಿದ್ಧವಾದ ಯೋಜನೆ ಹೊರಬಂದಿತು. ಶಿಶುಶಿಕ್ಷಣವು ಉಚಿತವಾಗಿರಬೇಕೆಂದೂ ಹತ್ತು ಲಕ್ಷ ಮಕ್ಕಳಿಗೆ ಸ್ಥಳ ಕಲ್ಪಿಸಬೇಕೆಂದೂ ಅದು ಸೂಚಿಸಿತು. ಆದರೆ ಸುಮಾರು ೩೧೩ ಕೋಟಿ ರೂಪಾಯಿಗಳ ವಾರ್ಷಿಕ ಅಂದಾಜಿನಲ್ಲಿ ಈ ಬಾಬಿಗೆ ದೊರೆತದ್ದು ಮೂರು ಕೋಟಿಗೆ ತುಸು ಹೆಚ್ಚು, ಎಂದರೆ ನೂರರಲ್ಲಿ ಒಂದು ಪಾಲು.

ಅದಕ್ಕೆ ಐದು ವರ್ಷ ಮೊದಲು, ೧೯೩೯ರ ನವೆಂಬರಿನಲ್ಲಿ, ಮರಿಯಾ ಮಾಂಟೆಸ್ಸೊರಿಯವರು ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಅಡಯಾರಿಗೆ ಬಂದು ಭಾರತದ ಶಿಕ್ಷಕರಿಗೆ ತರಬೇತಿಯನ್ನು ಆರಂಭಿಸಿದ್ದರು. ಆ ಪದ್ಧತಿ ದೇಶದಲ್ಲೆಲ್ಲ ಹೆಸರಾಯಿತಾದರೂ ಬಹುಮಟ್ಟಿಗೆ ಶುಲ್ಕ ತೆರಬಲ್ಲವರ ಖಾಸಗಿ ಶಾಲೆಗಳಲ್ಲಿಯೇ ನೆಲೆನಿಂತಿತು. ಬಡವರ ಮಗುವಿನ ಬಳಿಗೆ ಸರ್ಕಾರ ಬಂದುದು ಬೇರೊಂದು ದಾರಿಯಿಂದ. ೧೯೨೦ರಲ್ಲಿ ಮದರಾಸು ನಗರಸಭೆ ಥೌಸಂಡ್ ಲೈಟ್ಸ್ ಬಡಾವಣೆಯ ತನ್ನ ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನು ಆರಂಭಿಸಿತ್ತು. ೧೯೮೨ರ ಜುಲೈ ೧ರಂದು ಎಂ. ಜಿ. ರಾಮಚಂದ್ರನ್ ಅವರ ಸರ್ಕಾರವು ಪೌಷ್ಟಿಕ ಭೋಜನ ಯೋಜನೆಯನ್ನು ಜಾರಿಗೆ ತಂದಾಗ ಎರಡು ವರ್ಷ ತುಂಬಿದ ಶಿಶುಗಳೂ ಅದರಲ್ಲಿ ಸೇರಿದರು. ೧೯೭೫ರ ಅಕ್ಟೋಬರ್ ೨ರಂದು ಕೇಂದ್ರ ಸರ್ಕಾರ ಕೈಗೊಂಡ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯೂ ಇಂಥದೇ. ಕರ್ನಾಟಕದಲ್ಲಿ ಅದು ಮೊದಲು ಬಂದುದು ಟಿ. ನರಸೀಪುರಕ್ಕೆ. ಅದರ ಆರು ಸೇವೆಗಳಲ್ಲಿ ಶಿಕ್ಷಣ ಒಂದು ಮಾತ್ರ. ಉಳಿದವು ಬಹುತೇಕ ಆಹಾರ, ಆರೋಗ್ಯಗಳಿಗೆ ಸಂಬಂಧಿಸಿದವು.

ಹಸಿದ ಮಗುವಿಗೆ ಅನ್ನವೇ ಮೊದಲೆಂಬುದು ನ್ಯಾಯವೇ. ಆದರೆ ಅದರ ಪರಿಣಾಮವಾಗಿ ಭಾರತದಲ್ಲಿ ಈ ವೆಚ್ಚವು ಶಿಕ್ಷಣದ ಲೆಕ್ಕಕ್ಕೆ ಸೇರದೆ ಶಿಶುಕಲ್ಯಾಣದ ಲೆಕ್ಕಕ್ಕೆ ಸೇರಿತು. ಅಂಗನವಾಡಿ ಕಾರ್ಯಕರ್ತೆಗೆ ಸಲ್ಲುವುದು ವೇತನವಲ್ಲ, ಗೌರವಧನ. ಕೇಂದ್ರವು ೨೦೧೮ರಲ್ಲಿ ಅದನ್ನು ತಿಂಗಳಿಗೆ ೩,೦೦೦ದಿಂದ ೪,೫೦೦ ರೂಪಾಯಿಗೆ ಏರಿಸಿತು. ೨೦೦೨ರ ಸಂವಿಧಾನ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿ, ಆರರೊಳಗಿನವರನ್ನು ರಾಜ್ಯವು ಪ್ರಯತ್ನಿಸಬೇಕಾದ ನಿರ್ದೇಶಕ ತತ್ತ್ವಕ್ಕೆ ಬಿಟ್ಟಿತು. ೨೦೦೯ರ ಶಿಕ್ಷಣ ಹಕ್ಕಿನ ಶಾಸನವು ಇವರ ಶಾಲಾಪೂರ್ವ ಶಿಕ್ಷಣಕ್ಕೆ ಸರ್ಕಾರ ವ್ಯವಸ್ಥೆ ‘ಮಾಡಬಹುದು’ ಎಂದಷ್ಟೇ ಹೇಳಿತು. ಇಂಗ್ಲೆಂಡ್ ೧೯೧೮ರಲ್ಲಿ ನಿಂತಿದ್ದ ನೆಲೆಯೂ ಇದೇ.

ಇಂಗ್ಲೆಂಡಿನ ಹಾದಿಯೂ ನೇರವಾಗಿರಲಿಲ್ಲ. ಯುದ್ಧಕಾಲದ ಶಿಶುಗೃಹಗಳಲ್ಲಿ ಅನೇಕವು ಶಾಂತಿಯ ಬಳಿಕ ಮುಚ್ಚಿದವು. ೧೯೬೦ರ ಸುತ್ತೋಲೆಯೊಂದು ಶಿಶುಶಾಲೆಗಳ ವಿಸ್ತರಣೆಯನ್ನು ತಡೆಯಿತು. ೧೯೬೭ರ ಪ್ಲೌಡನ್ ವರದಿ ವಿಸ್ತರಣೆಯನ್ನು ಮತ್ತೆ ಬಲವಾಗಿ ಪ್ರತಿಪಾದಿಸಿತಾದರೂ, ಮೂರು ವರ್ಷ ತುಂಬಿದ ಎಲ್ಲ ಮಕ್ಕಳಿಗೂ ವಾರಕ್ಕೆ ಕೆಲವು ಗಂಟೆಗಳ ಉಚಿತ ಶಿಕ್ಷಣ ದೊರೆತದ್ದು ೨೦೦೪ರಲ್ಲಿ. ‘ಬಹುದು’ ಎಂಬುದು ‘ತಕ್ಕದ್ದು’ ಆಗಲು ಅಲ್ಲಿ ಎಂಬತ್ತಾರು ವರ್ಷ ಹಿಡಿಯಿತು.

ತಮಿಳುನಾಡು ೨೦೧೯ರಲ್ಲಿ ಸರ್ಕಾರಿ ಶಾಲೆಗಳ ಆವರಣದಲ್ಲಿದ್ದ ೨,೩೮೧ ಅಂಗನವಾಡಿಗಳಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ತರಗತಿಗಳನ್ನು ತೆರೆದು, ಅನ್ನದ ಮನೆಗೆ ಅಕ್ಷರವನ್ನೂ ತರಲೆತ್ನಿಸಿತು. ಕಲ್ಯಾಣದ ಲೆಕ್ಕ ಮತ್ತು ಶಿಕ್ಷಣದ ಲೆಕ್ಕಗಳ ನಡುವಣ ಗೋಡೆಯಲ್ಲಿ ಅದೊಂದು ಸಣ್ಣ ಬಾಗಿಲು. ಮಗುವಿನ ಮೊದಲ ಮಾತು ಮನೆಮಾತು. ಅದನ್ನು ಅಕ್ಷರಕ್ಕೆ ಏರಿಸುವ ಕೆಲಸ ಹಕ್ಕಾಗದೆ ಉಳಿದಲ್ಲಿ, ಶುಲ್ಕ ತೆರಲಾರದ ಮನೆಯ ಮಗು, ಅದರಲ್ಲಿಯೂ ಪರಭಾಷೆಯ ನಾಡಿನಲ್ಲಿರುವ ಮಗು, ಮೊದಲ ಹೆಜ್ಜೆಯಲ್ಲಿಯೇ ಹಿಂದೆ ಬೀಳುತ್ತದೆ. ಎರಡು ದೇಶಗಳ ಮೊತ್ತಗಳನ್ನು ಹೋಲಿಸುವವರು ಮೊದಲು ಅಳೆಯಬೇಕಾದುದು ಈ ಅಂತರವನ್ನು.